ಹೊಸ ಕತ್ತಿ: ಹೊಳಪು ನೋಡಬೇಕೋ, ಹದ ನೋಡಬೇಕೋ?

ಕೊಯ್ಲು ಹತ್ತಿರವಾದಂತೆ ಸದಸ್ಯ ಬಾಂಧವರಲ್ಲಿ ಅನೇಕರು ಹೊಸ ಕತ್ತಿ, ಮಚ್ಚು ಕೊಳ್ಳುತ್ತಾರೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆ ಎರಡು ಬಗೆಯ ಮಾಲು ಸಿಗುತ್ತದೆ. ಒಂದು, ಕುಲುಮೆಯಲ್ಲಿ ಲಾರಿಯ ಸ್ಪ್ರಿಂಗ್ ಪಟ್ಟಿಯನ್ನು ಕಾಸಿ ಬಡಿದ ಕಪ್ಪು ಕತ್ತಿ. ಇನ್ನೊಂದು, ಕಾರ್ಖಾನೆಯಿಂದ ಬಂದ, ಮುಖ ಕಾಣುವಷ್ಟು ಹೊಳೆಯುವ ಸ್ಟೀಲ್ ಕತ್ತಿ. ಎರಡನ್ನೂ ಪಕ್ಕದಲ್ಲಿಟ್ಟರೆ ಕೈ ಹೊಳೆಯುವುದರ ಕಡೆಗೇ ಹೋಗುತ್ತದೆ.

ಈ ಸೀಮೆಗೆ ಉಕ್ಕು ಹೊಸದಲ್ಲ. 1800ರಲ್ಲಿ ಇಲ್ಲಿ ಹಾದುಹೋದ ಫ್ರಾನ್ಸಿಸ್ ಬುಕಾನನ್, ಮಾಗಡಿ ಕಡೆ ಕಬ್ಬಿಣ ಕರಗಿಸುತ್ತಿದ್ದುದನ್ನೂ ಚನ್ನಪಟ್ಟಣದಲ್ಲಿ ವಾದ್ಯಗಳಿಗೆಂದು ಎಳೆಯುತ್ತಿದ್ದ ಉಕ್ಕಿನ ತಂತಿಯನ್ನೂ ಬರೆದಿಟ್ಟಿದ್ದಾನೆ. ತಂತಿಯ ಹದ ಬೇರೆ, ಕತ್ತಿಯ ಹದ ಬೇರೆ. ಎರಡೂ ಕಣ್ಣಿಗೆ ಕಾಣುವಂಥದಲ್ಲ.

ಹದ ಪರೀಕ್ಷಿಸುವುದು ಕಷ್ಟವಲ್ಲ. ಬಾಯಿಯ ಒಂದು ಮೂಲೆಗೆ ಹೊಸ ಅರವನ್ನು ಮೆಲ್ಲಗೆ ಎಳೆಯಿರಿ. ಗಾಜಿನ ಮೇಲೆ ಎಳೆದಂತೆ ಜಾರಿದರೆ ಹದ ಅತಿಯಾಗಿದೆ, ಗಂಟು ಕಡಿದಾಗ ಬಾಯಿ ಮುರಿದೀತು. ಮೆತ್ತಗೆ ಕಚ್ಚಿ ಪುಡಿ ಉದುರಿದರೆ ಹದ ಕಡಮೆ. ಅಂಗಡಿಯವರು ಒಪ್ಪಿದರೆ ಒಣ ಬಿದಿರಿನ ಮೇಲೆ ಹತ್ತು ಏಟು ಹಾಕಿ ಬಾಯಿಯನ್ನು ಬೆಳಕಿಗೆ ಹಿಡಿಯಿರಿ: ಮಡಿಚಿದ್ದರೆ ಮೆದು, ಚೂರು ಹಾರಿದ್ದರೆ ಪೆಡಸು. ಒಪ್ಪದ ಅಂಗಡಿಯಲ್ಲಿ ಕೊಳ್ಳದಿರುವುದೇ ಲೇಸು.

ಹೆಚ್ಚು ಅಪಾಯವಿರುವುದು ಹಿಡಿಯಲ್ಲಿ. ಅಲಗಿನ ಬಾಲ ಹಿಡಿಯೊಳಗೆ ಎರಡು ಬೆರಳಷ್ಟೇ ಹೋಗಿ ಅರಗಿನಲ್ಲಿ ಅಂಟಿಸಿದ್ದರೆ, ಬಿಸಿಲಿಗೆ ಅರಗು ಮೆದುವಾಗಿ ಅಲಗು ಕಳಚಿ ಬರುತ್ತದೆ. ಮರದ ಮೇಲೆ ನಿಂತು ನೆರಳು ಕಡಿಯುವವನ ಕೈಯಿಂದ ಅದು ಬಿದ್ದರೆ ಕೆಳಗೆ ಸೊಪ್ಪು ಆಯುವವರ ಗತಿಯೇನು? ಬಾಲ ಹಿಡಿಯ ತುದಿಯವರೆಗೆ ಹೋಗಿ ಮಡಿಚಿರಬೇಕು, ಇಲ್ಲವೇ ಎರಡು ಮೊಳೆ ಆರುಪಾರು ಬಡಿದಿರಬೇಕು. ಹಿಡಿಯ ಬಾಯಿಗೆ ಕಬ್ಬಿಣದ ಬಳೆ ಇರಬೇಕು. ಕೂಲಿಗೆ ಬಂದವರ ಕೈಗೆ ಕೊಡುವ ಕತ್ತಿಯಲ್ಲಿ ಇದನ್ನು ನೋಡುವುದು ತೋಟದವರ ಹೊಣೆ.

ಚನ್ನಪಟ್ಟಣದ ಲೇತಿನಲ್ಲಿ ಹಾಲೆ ಮರದ ಹಿಡಿ ಕಡೆಸಿ ಬಣ್ಣದ ಅರಗು ಹಾಕಿಸುವ ಆಸೆ ಕೆಲವರಿಗೆ. ಅಡಿಗೆಮನೆಯ ಚಾಕುವಿಗೆ ಅದು ಬಹಳ ಸೊಗಸು. ಆದರೆ ಬೆವರಿದ ಅಂಗೈಗೆ ಆ ನುಣುಪು ಜಾರುತ್ತದೆ. ತೋಟಕ್ಕೆ ಬಣ್ಣವಿಲ್ಲದ, ಕೊನೆಯಲ್ಲಿ ತುಸು ದಪ್ಪನಾದ ಗಟ್ಟಿ ಮರದ ಹಿಡಿಯೇ ಸರಿ.

ತೂಕ ಕೆಲಸಕ್ಕೆ ತಕ್ಕಂತಿರಲಿ. ಎಳನೀರು ಕೆತ್ತುವ ಮಚ್ಚು ಮುಂದೆ ಭಾರವಿದ್ದರೆ ಏಟು ತಾನೇ ಬೀಳುತ್ತದೆ. ಕಾಫಿ ಗಿಡದ ಕಂಬಚಿಗುರು ಸವರಲು ಅದೇ ಮಚ್ಚು ಹಿಡಿದರೆ ಮಧ್ಯಾಹ್ನಕ್ಕೆ ಮಣಿಕಟ್ಟು ಸೋಲುತ್ತದೆ, ರೆಂಬೆಯೂ ಸೀಳುತ್ತದೆ.

ಇನ್ನು ಬಣ್ಣದ ಮಾತು. ಹಸಿ ಅಡಿಕೆಯ ಚೊಗರು ತಗುಲಿದ ಕಬ್ಬಿಣ ಕಪ್ಪಾಗುತ್ತದೆ. ಅದು ತುಕ್ಕಲ್ಲ, ಉಜ್ಜಿ ತೆಗೆಯುವ ಶ್ರಮ ಬೇಡ. ಆದರೆ ಆ ಕಪ್ಪು ಹೋಳಿನ ಮುಖಕ್ಕೂ ಹತ್ತುವುದರಿಂದ ಹಸಿ ಅಡಿಕೆ ಹೆಚ್ಚಲು ಸ್ಟೀಲ್ ಅಲಗು ಇಟ್ಟುಕೊಳ್ಳುವುದು ಒಳ್ಳೆಯದು. ಹೊಳೆಯುವ ಕತ್ತಿಗೆ ಸಲ್ಲಬೇಕಾದ ಮಾನ ಅಷ್ಟು. ಕಬ್ಬಿಣದ್ದನ್ನು ಸಂಜೆ ಒರಸಿ ಹರಳೆಣ್ಣೆ ಸವರಿಟ್ಟರೆ ಸಾಕು.

ಸಾಣೆ ಯಂತ್ರಕ್ಕೆ ಕೊಡುವಾಗ ಪಕ್ಕದಲ್ಲೇ ನಿಲ್ಲಿರಿ. ಬಾಯಿ ನೀಲಿ ತಿರುಗಿತೆಂದರೆ ಆ ಜಾಗದ ಹದ ಹೋಯಿತು; ಪುನಃ ಕುಲುಮೆಗೇ ಒಯ್ಯಬೇಕು.