ತೋಟದ ಮಕ್ಕಳಿಗೆ ಸಿಕ್ಕ ಕೋಣೆ

ಸಕಲೇಶಪುರದಿಂದ ಹೆತ್ತೂರು, ಯಸಳೂರಿನ ಕಡೆಗೆ ಹೊರಟರೆ ಊರು ಎಂಬುದು ಒಂದೇ ಕಡೆ ಗುಂಪಾಗಿ ಸಿಗುವುದಿಲ್ಲ. ಗದ್ದೆ ಬಯಲಿಗೆ ಮುಖ ಮಾಡಿ ಒಂದು ಮನೆ, ಏರು ಹತ್ತಿ ತೋಟದೊಳಗೆ ಹೊಕ್ಕರೆ ಇನ್ನೊಂದು, ಹಳ್ಳ ದಾಟಿದ ಮೇಲೆ ತೋಟದ ಆಳುಗಳ ಲೈನ್ ಮನೆಗಳ ಎಂಟು ಹತ್ತು ಬಾಗಿಲು. ಆಲೂರು ತಾಲ್ಲೂಕಿನ ಪಾಳ್ಯ, ಮಗ್ಗೆ, ಕೆಂಚಮ್ಮನ ಹೊಸಕೋಟೆಯ ಕಡೆ ನೆಲ ಕೊಂಚ ತೆರೆದುಕೊಳ್ಳುತ್ತದೆ, ಆದರೆ ಅಲ್ಲಿ ಆನೆ ಕಾಟ ಹೆಚ್ಚು. ಇಂಥ ಸೀಮೆಯಲ್ಲಿ ಮೂರು ವರ್ಷದ ಮಗುವಿಗೆ ಏನು ಕಲಿಸಬೇಕು ಎಂದು ಕೇಳುವ ಮೊದಲೇ ಇನ್ನೊಂದು ಪ್ರಶ್ನೆ ಬಂದು ನಿಲ್ಲುತ್ತದೆ: ಅದನ್ನು ಕರೆದುಕೊಂಡು ಬರುವವರು ಯಾರು?

ಈ ಬೆಟ್ಟಗಳಲ್ಲಿ ಶಾಲೆಗೆ ಮುಂಚಿನ ಶಾಲೆ ಬೆಳೆದು ಬಂದ ಬಗೆಯನ್ನು ಹಿಂದಕ್ಕೆ ಹುಡುಕುತ್ತ ಹೋದರೆ ಒಂದು ವಿಚಿತ್ರ ಕಾಣುತ್ತದೆ. ಪುಟ್ಟ ಮಕ್ಕಳಿಗೆಂದು ಕೋಣೆ ಸಿಕ್ಕಿದ್ದು ಒಂದು ಸಲವಲ್ಲ, ಹಲವು ಸಲ. ಮೊದಲನೆಯದು ತಾಯಿ ಕೆಲಸಕ್ಕೆ ಹೋಗಲಿ ಎಂದು, ಎರಡನೆಯದು ಮಗುವಿನ ತೂಕ ಹೆಚ್ಚಲಿ ಎಂದು, ಈಚಿನದು ಕಾನ್ವೆಂಟಿನ ಜತೆ ಪೈಪೋಟಿಗೆ ಎಂದು. ಮಗು ಕಲಿಯಲಿ ಎನ್ನುವುದೊಂದನ್ನೇ ಮನಸ್ಸಿನಲ್ಲಿಟ್ಟುಕೊಂಡು ಯಾರೂ ಇಲ್ಲಿ ಗೋಡೆ ಎಬ್ಬಿಸಲಿಲ್ಲ. ಕಲಿಕೆ ಹಿತ್ತಿಲ ಬಾಗಿಲಿನಿಂದ ಬಂತು. ಬಂದದ್ದು ಅಲ್ಲಿ ಕೆಲಸಕ್ಕಿದ್ದ ಹೆಂಗಸರ ಕೈಯಿಂದ.

ಸಕಲೇಶಪುರದ ಸುತ್ತಣ ಹಳೆಯ ಮಂಜರಾಬಾದು ಸೀಮೆಯಲ್ಲಿ ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಬಿಳಿಯರ ಕಾಫಿ ತೋಟಗಳು ಎದ್ದವು. ಇಲ್ಲೇ ತೋಟ ಮಾಡಿದ ರಾಬರ್ಟ್ ಎಲಿಯಟ್ ಎಂಬ ದೊರೆ ತನ್ನ ಅನುಭವಗಳನ್ನು 1871ರಲ್ಲಿ ಪುಸ್ತಕವಾಗಿ ಅಚ್ಚು ಹಾಕಿಸಿದ. ತೋಟ ಬೆಳೆದ ಹಾಗೆ ಆಳುಗಳು ಬಂದರು. ಕೆಲವರು ಘಟ್ಟದ ಕೆಳಗಿನವರು, ಕೆಲವರು ಬಯಲುಸೀಮೆಯವರು, ಕೆಲವರು ತಮಿಳು ನಾಡಿನವರು. ಮೇಸ್ತ್ರಿ ಮುಂಗಡ ಕೊಟ್ಟು ಕರೆತರುತ್ತಿದ್ದದ್ದು ಗಂಡಸರನ್ನು ಮಾತ್ರವಲ್ಲ, ಸಂಸಾರಗಳನ್ನೇ. ಹಣ್ಣು ಕೊಯ್ಯುವುದರಲ್ಲಿ ಹೆಂಗಸರ ಕೈ ಚುರುಕು. ಕೂಸು ಎಲ್ಲಿ? ಸಿಲ್ವರ್ ಓಕ್ ಮರಗಳ ನಡುವೆ ಕಟ್ಟಿದ ಸೀರೆಯ ಜೋಲಿಯಲ್ಲಿ. ಮಳೆ ಬಂದರೆ ಕಂಬಳಿಕೊಪ್ಪೆಯೊಳಗೆ, ತಾಯಿಯ ಬೆನ್ನಿಗೆ.

ಆ ಜೋಲಿಯನ್ನು ಮರದಿಂದ ಬಿಚ್ಚಿ ಮಾಡಿನ ಕೆಳಗೆ ತರಬೇಕೆಂದು ಹೇಳಿದ್ದು 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ. 50 ಅಥವಾ ಅದಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ತೋಟದಲ್ಲಿ, ಮುಂದೆ ತಿದ್ದುಪಡಿಯಾದ ಮೇಲೆ ಅಂಥ ಹೆಂಗಸರ ಮಕ್ಕಳ ಸಂಖ್ಯೆ 20 ಮುಟ್ಟಿದಲ್ಲೂ, ಆರು ವರ್ಷದೊಳಗಿನ ಮಕ್ಕಳಿಗೆ ಗಾಳಿ ಬೆಳಕಿರುವ ಚೊಕ್ಕಟ ಕೋಣೆ ಇರಬೇಕು, ಶಿಶುಪಾಲನೆಯಲ್ಲಿ ತರಬೇತಿ ಪಡೆದ ಹೆಂಗಸೊಬ್ಬಳು ಅದನ್ನು ನೋಡಿಕೊಳ್ಳಬೇಕು ಎಂದಿತು. ಕಾಗದದ ಮೇಲೆ ಇದು ಆ ಕಾಲಕ್ಕೆ ದೊಡ್ಡ ಮಾತೇ. ನೆಲದ ಮೇಲೆ, ಬಹಳ ತೋಟಗಳಲ್ಲಿ, ತರಬೇತಿ ಪಡೆದ ಆ ಹೆಂಗಸಿನ ಜಾಗದಲ್ಲಿ ಕೂತದ್ದು ಕೊಯ್ಲಿಗೆ ಸೊಂಟ ಬಾಗದ ಒಬ್ಬ ಅಜ್ಜಿ. ಆಕೆ ಮಕ್ಕಳನ್ನು ತೂಗಿದಳು, ಅನ್ನ ತಿನ್ನಿಸಿದಳು, ಗುಮ್ಮನ ಕತೆ ಹೇಳಿದಳು. ಮೂರು ಭಾಷೆಯಲ್ಲಿ ಲಾಲಿ ಹಾಡುವ ಅಜ್ಜಿಗೆ ಯಾವ ತರಬೇತಿ ಕೇಂದ್ರವೂ ಪ್ರಮಾಣಪತ್ರ ಕೊಡಲಿಲ್ಲ, ಕೊಡಬಹುದಿತ್ತು.

ಕಾಯ್ದೆಗೆ ಇನ್ನೊಂದು ಮಿತಿಯಿತ್ತು. ಅದು ಮೊದಲಿಗೆ ಹಿಡಿದದ್ದು 25 ಎಕರೆ ದಾಟಿದ, 30 ಜನ ದುಡಿಯುವ ತೋಟಗಳನ್ನು. 1981ರ ತಿದ್ದುಪಡಿ ಅದನ್ನು 5 ಹೆಕ್ಟೇರು, 15 ಜನಕ್ಕೆ ಇಳಿಸಿತು. ಆದರೂ ಎಂಟು ಹತ್ತು ಎಕರೆಯ ಸಣ್ಣ ಬೆಳೆಗಾರನ ತೋಟ ಅದರ ಹೊರಗೇ ಉಳಿಯಿತು. ದೇಶದ ಕಾಫಿ ಹಿಡುವಳಿಗಳಲ್ಲಿ ಬಹುಪಾಲು ಸಣ್ಣವೇ. ಈ ದಿನ ಒಬ್ಬರ ತೋಟಕ್ಕೆ, ನಾಳೆ ಇನ್ನೊಬ್ಬರದಕ್ಕೆ ಹೋಗುವ ಕೂಲಿ ಹೆಂಗಸಿನ ಕೂಸು ಯಾರ ಕೋಣೆಗೂ ಸೇರಲಿಲ್ಲ.

ಅತ್ತ ಮಗುವಿನ ಕಲಿಕೆಯ ಬಗ್ಗೆಯೇ ತಲೆ ಕೆಡಿಸಿಕೊಂಡವರೂ ಇದ್ದರು. 1920ರಲ್ಲಿ ಭಾವನಗರದಲ್ಲಿ ವಕೀಲಿ ಬಿಟ್ಟು ಬಾಲಮಂದಿರ ತೆರೆದ ಗಿಜುಭಾಯಿ ಬಧೇಕಾ, ಅವರ ಜತೆ ದುಡಿದ ತಾರಾಬಾಯಿ ಮೋಡಕ್. ಇವರಿಬ್ಬರೂ ನೆಚ್ಚಿದ ಶಿಶುಶಿಕ್ಷಣ ಪದ್ಧತಿಯ ಮಾಂಟೆಸ್ಸರಿ ಅಮ್ಮ ಸ್ವತಃ ಮದರಾಸಿನ ಅಡ್ಯಾರಿಗೆ ಬಂದದ್ದು 1939ರಲ್ಲಿ. ತಾರಾಬಾಯಿ 1945ರಲ್ಲಿ ಮುಂಬಯಿಯ ಉತ್ತರಕ್ಕಿರುವ ಬೋರ್ಡಿ ಎಂಬ ಹಳ್ಳಿಗೆ ಹೋಗಿ, ಅನುತಾಯಿ ವಾಘ್ ಅವರ ಜತೆ ಬಡವರ, ಆದಿವಾಸಿಗಳ ಮಕ್ಕಳಿಗಾಗಿ ಕೇಂದ್ರ ತೆರೆದರು. ಮುಂದೆ ಅದು ಕೋಸ್ಬಾಡ್ ಗುಡ್ಡಕ್ಕೆ ಹೋಯಿತು. ಮಲೆನಾಡಿನವರಿಗೆ ಹತ್ತಿರವೆನಿಸುವುದು ಈ ಕತೆಯೇ. ಮಕ್ಕಳು ಶಾಲೆಗೆ ಬರದಿದ್ದಾಗ ಇವರು ಶಾಲೆಯನ್ನೇ ಕೇರಿಯ ಅಂಗಳಕ್ಕೆ ಒಯ್ದರು. ಮಾಂಟೆಸ್ಸರಿಯ ದುಬಾರಿ ಮರದ ಸಾಮಾನಿನ ಬದಲು ಕಲ್ಲು, ಬೀಜ, ಚಿಪ್ಪು, ಎಲೆ ಬಳಸಿದರು. ಅಂಗನವಾಡಿ ಎಂಬ ಹೆಸರೂ ಅಲ್ಲಿಂದಲೇ ಬಂದದ್ದು.

ಹೆಸರು ಬಂತು, ಆದರೆ ಸರ್ಕಾರದ ಕೈಗೆ ಸಿಕ್ಕಾಗ ಒಳಗಿನ ತೂಕ ಬದಲಾಯಿತು. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಪ್ರಯೋಗಕ್ಕೆಂದು ಶುರುವಾಯಿತು. ನಮ್ಮ ರಾಜ್ಯದಲ್ಲಿ ಆಯ್ಕೆಯಾದದ್ದು ತಿ. ನರಸೀಪುರ, 100 ಅಂಗನವಾಡಿಗಳೊಂದಿಗೆ. ಯೋಜನೆಯಲ್ಲಿ ಆರು ಸೇವೆಗಳಿದ್ದವು: ಪೂರಕ ಪೌಷ್ಟಿಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳಿಸುವುದು, ತಾಯಂದಿರಿಗೆ ತಿಳಿವಳಿಕೆ, ಮತ್ತು ಶಾಲಾಪೂರ್ವ ಶಿಕ್ಷಣ. ಆರರಲ್ಲಿ ಒಂದು. ಹಸಿದ ಮಕ್ಕಳ ದೇಶದಲ್ಲಿ ಊಟ ಮೊದಲಾದದ್ದರಲ್ಲಿ ತಪ್ಪಿಲ್ಲ. ಆದರೆ ಊಟದ ಲೆಕ್ಕಕ್ಕೆ ರಿಜಿಸ್ಟರು ಹುಟ್ಟಿತು, ಆಟದ ಲೆಕ್ಕಕ್ಕೆ ಹುಟ್ಟಲಿಲ್ಲ. ಇಲಾಖೆಯಲ್ಲಿ ಯಾವುದಕ್ಕೆ ರಿಜಿಸ್ಟರಿದೆಯೋ ಅದೇ ಕೆಲಸ.

ಬೆಟ್ಟದ ಊರುಗಳಿಗೆ ಅಂಗನವಾಡಿ ಬರುವಾಗ ಇನ್ನೊಂದು ತೊಡಕು ಎದುರಾಯಿತು. ಇಷ್ಟು ಜನಸಂಖ್ಯೆಗೆ ಒಂದು ಕೇಂದ್ರ ಎಂಬ ಲೆಕ್ಕ ಬಯಲುಸೀಮೆಗೆ ಸರಿಹೋಗುತ್ತದೆ. ಇಲ್ಲಿ ಅಷ್ಟು ತಲೆ ಎಣಿಸುವ ಹೊತ್ತಿಗೆ ಎರಡು ಗುಡ್ಡ, ಒಂದು ಹಳ್ಳ ದಾಟಿರುತ್ತೀರಿ. ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2001ರಲ್ಲೂ, ಮತ್ತೆ 2006ರ ಡಿಸೆಂಬರಿನಲ್ಲೂ ಪ್ರತಿ ಜನವಸತಿಗೂ ಅಂಗನವಾಡಿ ಬೇಕೆಂದು ಪಟ್ಟು ಹಿಡಿದ ಮೇಲೆ ನಿಯಮ ಸಡಿಲವಾಯಿತು. ಗುಡ್ಡಗಾಡು ಪ್ರದೇಶದಲ್ಲಿ 300 ಜನಕ್ಕೆ ಒಂದು ಕೇಂದ್ರ, 150 ಜನವಿದ್ದರೆ ಮಿನಿ ಅಂಗನವಾಡಿ. ಮಿನಿ ಎಂದರೆ ಸಹಾಯಕಿ ಇಲ್ಲ. ಒಲೆ ಹಚ್ಚುವವಳು, ಮಗುವಿನ ಚಡ್ಡಿ ತೊಳೆಯುವವಳು, ಹಾಡು ಹೇಳಿಕೊಡುವವಳು, ಎಲ್ಲವೂ ಒಬ್ಬಳೇ. ಈಚಿನ ವರ್ಷಗಳಲ್ಲಿ ಮಿನಿ ಕೇಂದ್ರಗಳನ್ನು ಪೂರ್ಣ ಕೇಂದ್ರಗಳಾಗಿ ಏರಿಸುವ ಕೆಲಸ ನಡೆದಿರುವುದು ಮೆಚ್ಚಬೇಕಾದದ್ದೇ.

ರಾಜ್ಯದಲ್ಲಿ ಇಂದು 66 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಅವುಗಳ ಒಳಗೆ ಕಲಿಕೆಗೊಂದು ರೂಪ ಕೊಟ್ಟದ್ದು ‘ಚಿಲಿಪಿಲಿ’ ಎಂಬ ಪಠ್ಯಕ್ರಮ. ನಾನು, ನಮ್ಮ ಮನೆ, ಪ್ರಾಣಿ, ಹಣ್ಣು, ನೀರು ಎಂದು ವಾರವಾರಕ್ಕೆ ವಿಷಯ ಹಂಚಿ ಅದಕ್ಕೆ ತಕ್ಕ ಹಾಡು, ಕತೆ, ಆಟ, ಮಾತುಕತೆ ಹೊಂದಿಸಿದ ಕ್ರಮ ಅದು. ಅದರ ಬೆನ್ನೆಲುಬಾಗಿರುವ ತತ್ವಗಳು ಗಿಜುಭಾಯಿ, ತಾರಾಬಾಯಿಯವರದೇ. ಆದರೆ ಕೈಪಿಡಿಯಲ್ಲಿ ಒಂದು ಸಾಲಾಗಿರುವ ತತ್ವ ತೋಟದ ನಡುವಿನ ಕೇಂದ್ರದಲ್ಲಿ ಏನಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು.

ಬೆಳಿಗ್ಗೆ ಒಂಬತ್ತೂವರೆ. ಹೊಸದಾಗಿ ಸೇರಿದ ಮಗು ಬಾಗಿಲಲ್ಲೇ ಕಂಬ ಹಿಡಿದು ಅಳುತ್ತಿರುತ್ತದೆ. ಅನುಭವವಿರುವ ಟೀಚರು ಅದನ್ನು ಎತ್ತಿ ಒಳಗೆ ಕೂರಿಸುವುದಿಲ್ಲ. ಬಾಗಿಲ ಹತ್ತಿರವೇ ಕೂತು ಉಳಿದ ಮಕ್ಕಳ ಮುಂದೆ ಹುಣಸೆಬೀಜ, ಗುಲಗಂಜಿ ಬಣ್ಣದ ಮಣಿ, ಗೋಟು ಅಡಿಕೆ ಸುರಿದು ಬೇರೆ ಬೇರೆ ಮಾಡಲು ಹೇಳುತ್ತಾರೆ. ಕಾಫಿ ಬೀಜ ಬೇಕಾದಷ್ಟು ಸಿಗುತ್ತದೆ, ಆದರೆ ಮೂರು ವರ್ಷದವರ ಕೈಗೆ ಕೊಡುವಂತಿಲ್ಲ, ನೇರ ಮೂಗಿಗೇ ಹೋಗುತ್ತದೆ. ದೊಡ್ಡ ಮಕ್ಕಳಿಗೆ ಮಾತ್ರ, ಅದೂ ಕಣ್ಣಳತೆಯಲ್ಲಿ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಕೂಡಿ ಒಂದು ಬೀಜ ಎತ್ತಬೇಕು. ಬಿದ್ದರೆ ಮತ್ತೆ ಎತ್ತಬೇಕು. ಕಂಬ ಹಿಡಿದ ಮಗುವಿನ ಅಳು ನಿಂತು ಕಣ್ಣು ಇತ್ತ ತಿರುಗುತ್ತದೆ. ಸ್ವಲ್ಪ ಹೊತ್ತಿಗೆ ಅದು ತಾನಾಗಿ ಬಂದು ಒಂದು ಅಡಿಕೆ ಎತ್ತಿಕೊಳ್ಳುತ್ತದೆ, ಹಿಂದಕ್ಕೆ ಕೊಡುವುದಿಲ್ಲ. ಟೀಚರು ಕೇಳುವುದೂ ಇಲ್ಲ.

ಮಧ್ಯಾಹ್ನ ತಾಯಿ ಬಂದು ಏನು ಬರೆಸಿದ್ರಿ ಎಂದು ಕೇಳಿದರೆ ತೋರಿಸಲು ಹಾಳೆಯಿಲ್ಲ. ಬೀಜ ಎತ್ತುವ ಆ ಮೂರು ಬೆರಳೇ ನಾಳೆ ಪೆನ್ಸಿಲು ಹಿಡಿಯಬೇಕಾದವು, ಗಾತ್ರ ಬಣ್ಣ ನೋಡಿ ಗುಂಪು ಮಾಡುವುದೇ ಲೆಕ್ಕದ ಬುಡ ಎಂದು ಆಕೆಗೆ ಹೇಳುವವರು ಯಾರು? ಕೊಯ್ದ ಹಣ್ಣಿನಲ್ಲಿ ಹಸಿರು ಕಾಯಿ ಬೇರೆ ಮಾಡಿ ರೈಟರಿಗೆ ತೂಕ ಕೊಡುವ ತಾಯಿಗೆ ಅದು ಅರ್ಥವಾಗದ ಮಾತೇನಲ್ಲ. ಅವಳ ಕೆಲಸಕ್ಕೂ ಮಗಳ ಆಟಕ್ಕೂ ಇರುವ ನಂಟನ್ನು ಎತ್ತಿ ತೋರಿಸುವ ಟೀಚರುಗಳು ಗೆದ್ದಿದ್ದಾರೆ. ‘ಮಕ್ಕಳ ಮನೋವಿಕಾಸ’ ಎಂದು ಕೈಪಿಡಿಯ ಕನ್ನಡದಲ್ಲಿ ಶುರು ಮಾಡಿದವರಿಗೆ ಪಾಟಿ ಬಳಪ ಹಿಡಿಸುವುದು ತಪ್ಪಲಿಲ್ಲ.

ಮಾತಿನ ಸಂಗತಿ ಇನ್ನೂ ಸೂಕ್ಷ್ಮ. ಮನೆಮಾತಿನಲ್ಲೇ ಕಲಿಸಬೇಕೆಂದು 2013ರ ರಾಷ್ಟ್ರೀಯ ಶಿಶು ಆರೈಕೆ ಮತ್ತು ಶಿಕ್ಷಣ ನೀತಿ ಹೇಳಿತು, 2020ರ ಶಿಕ್ಷಣ ನೀತಿಯೂ ಹೇಳಿತು. ಯಾರ ಮನೆಮಾತು? ಒಂದೇ ಚಾಪೆಯ ಮೇಲೆ ಕನ್ನಡದ ಮಗು, ತುಳುವಿನದು, ತಮಿಳಿನದು ಕೂತಿರುತ್ತವೆ. ಈಚೆಗೆ ಕೊಯ್ಲಿನ ಕಾಲಕ್ಕೆ ಅಸ್ಸಾಂ, ಜಾರ್ಖಂಡ್, ಬಂಗಾಳದಿಂದ ಬರುವ ಸಂಸಾರಗಳ ಮಕ್ಕಳೂ ಸೇರುತ್ತಾರೆ. ನವೆಂಬರಿಗೆ ಬಂದ ಮಗು ಬಾಯಿ ಬಿಡುವ ಹೊತ್ತಿಗೆ ಫೆಬ್ರವರಿ ಮುಗಿದು ಹೊರಟಿರುತ್ತದೆ. ಇಂಥ ಕಡೆ ಮೊದಲು ಕೆಲಸಕ್ಕೆ ಬರುವುದು ಹಾಡಿನ ಕೈಸನ್ನೆ, ಆಮೇಲೆ ಊಟದ ಮಾತು. ಮೊಟ್ಟೆ, ಹಾಲು ಎಂಬ ಎರಡು ಕನ್ನಡ ಪದ ಕಲಿಯಲು ಯಾವ ಮಗುವಿಗೂ ಹೆಚ್ಚು ದಿನ ಬೇಕಿಲ್ಲ. ಮಕ್ಕಳಿಗೆ ಹಾಲು ಕೊಡಲು 2013ರ ಆಗಸ್ಟಿನಲ್ಲಿ ಶುರುವಾದ ಕ್ಷೀರಭಾಗ್ಯ ಯೋಜನೆ ಇಲ್ಲಿ ಭಾಷಾ ಪಾಠವೂ ಆಯಿತು.

ಮಳೆಗಾಲದ ಪಾಠ ಬೇರೆ. ಜುಲೈ, ಆಗಸ್ಟಿನಲ್ಲಿ ಜಿಲ್ಲಾಧಿಕಾರಿಗಳ ರಜೆಯ ಆದೇಶ ಬೆಳಿಗ್ಗೆ ಮೊಬೈಲಿಗೆ ಬೀಳುತ್ತದೆ. ಆಲೂರಿನ ಕಡೆ ಅದಕ್ಕಿಂತ ಮೊದಲು ಆನೆ ಎಲ್ಲಿದೆ ಎಂಬ ಅರಣ್ಯ ಇಲಾಖೆಯ ಸಂದೇಶ ನೋಡಿಕೊಳ್ಳಬೇಕು. ಇಷ್ಟರ ನಡುವೆ 2021ರಿಂದ ಪೋಷಣ್ ಟ್ರ್ಯಾಕರ್ ಎಂಬ ಆ್ಯಪಿನಲ್ಲಿ ಹಾಜರಿ, ತೂಕ, ಎತ್ತರ ಎಲ್ಲವನ್ನೂ ತುಂಬಬೇಕು. 2025ರಿಂದ ಮನೆಗೆ ಒಯ್ಯುವ ಆಹಾರಕ್ಕೆ ತಾಯಿಯ ಮುಖವನ್ನೂ ಮೊಬೈಲಿಗೆ ತೋರಿಸಬೇಕು. ನೆಟ್‌ವರ್ಕ್ ಹುಡುಕುತ್ತ ದಿಣ್ಣೆ ಹತ್ತುವ ಹೊತ್ತೆಲ್ಲ ಕತೆ ಹೇಳುವ ಹೊತ್ತಿನಿಂದಲೇ ಕಳೆಯುವಂಥದ್ದು.

ಈ ನಡುವೆ ಹಳದಿ ವ್ಯಾನು ಬಂತು. ಲೈನ್ ಮನೆಯ ಗೇಟಿನವರೆಗೆ ಬಂದು ಮಗುವನ್ನು ಸಕಲೇಶಪುರ ಪೇಟೆಯ ಎಲ್‌ಕೆಜಿಗೆ ಕರೆದೊಯ್ಯುವ ವ್ಯಾನು. ಟೈ, ಬೂಟು, ಡೈರಿ, ನಾಲ್ಕು ವರ್ಷಕ್ಕೇ ನಾಲ್ಕು ಗೆರೆಯ ಪುಸ್ತಕ. ಮೂರರಿಂದ ಆರು ವರ್ಷದವರಿಗೆ ಪಠ್ಯಪುಸ್ತಕವೇ ಬೇಡ ಎಂದು 2022ರ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಬರೆದಿರುವುದು ವ್ಯಾನಿನವನಿಗೆ ಗೊತ್ತಿಲ್ಲ. ಗೊತ್ತಿದ್ದರೂ ಅವನ ಪ್ರಶ್ನೆ ನ್ಯಾಯವಾದದ್ದೇ: ನಾನು ಗೇಟಿಗೆ ಬರುತ್ತೇನೆ, ನೀವು? ತಂದೆತಾಯಿ ಇಂಗ್ಲಿಷಿಗೆ ಮರುಳಾದರು ಎಂದು ಬರೆದು ಕೈತೊಳೆದುಕೊಳ್ಳುವವರು ಈ ಪ್ರಶ್ನೆಯನ್ನು ಕೇಳಿಸಿಕೊಂಡಿಲ್ಲ ಎಂದೇ ನನ್ನ ಗುಮಾನಿ. ಸರ್ಕಾರಿ ಶಾಲೆಗಳಲ್ಲೇ ಎಲ್‌ಕೆಜಿ ತೆರೆಯಲು ಹೊರಟಾಗ, 2024ರ ಜೂನಿನಲ್ಲಿ ಅಂಗನವಾಡಿ ಕಾರ್ಯಕರ್ತೆಯರು ಬೆಂಗಳೂರಿನಲ್ಲಿ ಧರಣಿ ಕೂತರು. ಮುಂದಿನ ತಿಂಗಳೇ ಬೆಂಗಳೂರಿನ 250 ಅಂಗನವಾಡಿಗಳಿಗೆ ‘ಸರ್ಕಾರಿ ಮಾಂಟೆಸ್ಸರಿ’ ಎಂಬ ಫಲಕ ಬಂತು. ಅಡ್ಯಾರಿನಲ್ಲಿ ಇಳಿದ ಅಮ್ಮನ ಹೆಸರು 85 ವರ್ಷಗಳ ಮೇಲೆ ಹೀಗೆ ಕೇರಿಗೆ ಬಂದದ್ದು ಬೇರೆಯವರ ಅಂಜಿಕೆಯಿಂದ!

ಇನ್ನೊಂದು ಕೋಣೆಯ ಮಾತೂ ಇದೆ. 2023ರ ಬಜೆಟ್ಟಿನಲ್ಲಿ ರಾಜ್ಯ ಸರ್ಕಾರ 4,000 ಗ್ರಾಮ ಪಂಚಾಯತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ ಹೇಳಿತು. ಉದ್ಯೋಗ ಖಾತರಿ ಚೀಟಿಯಿರುವ ಹೆಂಗಸರೇ ಸರದಿಯ ಮೇಲೆ ಕೂಸುಗಳನ್ನು ನೋಡಿಕೊಳ್ಳುವ ಏರ್ಪಾಡು. ಕೂಲಿಯ ಲೆಕ್ಕಕ್ಕೆ ಸರದಿ ಸರಿ. ವರ್ಷ ತುಂಬಿದ ಕೂಸಿಗೆ ಸರಿಯಲ್ಲ. ಅದು ಕೋಣೆಗೆ ಒಗ್ಗುವುದಿಲ್ಲ, ಮುಖಕ್ಕೆ ಒಗ್ಗುತ್ತದೆ. ಒಂದು ಮುಖಕ್ಕೆ ಹೊಂದಿಕೊಂಡ ಮೇಲೆ ಅದನ್ನು ಬದಲಿಸಿದರೆ ಮತ್ತೆ ಬಾಗಿಲ ಕಂಬದಿಂದಲೇ ಶುರು. ತೋಟದ ಹಳೆಯ ಅಜ್ಜಿಗೆ ತರಬೇತಿ ಇರಲಿಲ್ಲ, ಆದರೆ ನಿನ್ನೆ ಇದ್ದವಳೇ ಇವತ್ತೂ ಇರುತ್ತಿದ್ದಳು.

ಇಷ್ಟೆಲ್ಲ ಆದ ಮೇಲೂ ಒಂದೂವರೆ ಗಂಟೆಯ ಕಂದರ ಹಾಗೇ ಉಳಿದಿದೆ. ತೋಟದಲ್ಲಿ ಹಾಜರಿ ಎಂಟಕ್ಕೆ, ಅಂಗನವಾಡಿ ತೆರೆಯುವುದು ಒಂಬತ್ತೂವರೆಗೆ. ಆ ಹೊತ್ತಿನಲ್ಲಿ ಮಗುವನ್ನು ಸೊಂಟಕ್ಕೇರಿಸಿಕೊಂಡಿರುವುದು ಎಂಟೋ ಒಂಬತ್ತೋ ವರ್ಷದ ಅಕ್ಕ. ತಮ್ಮನನ್ನು ಬಿಟ್ಟು ತನ್ನ ಶಾಲೆಗೆ ಓಡಬೇಕು, ಕೊಯ್ಲಿನ ತಿಂಗಳುಗಳಲ್ಲಿ ಓಡುವುದೂ ಇಲ್ಲ. ಕಾಯ್ದೆಯ ಪ್ರಕಾರ ಕೋಣೆ ಕೊಡಬೇಕಾದ ದೊಡ್ಡ ತೋಟದವರು, ಕೂಸಿನ ಮನೆಯ ಪಂಚಾಯತಿ, ಅಂಗನವಾಡಿಯ ಇಲಾಖೆ, ಮೂವರೂ ಒಂದೇ ಹೋಬಳಿಯಲ್ಲಿದ್ದಾರೆ. ನವೆಂಬರಿನಿಂದ ಫೆಬ್ರವರಿಯವರೆಗೆ ಬೆಳಗಿನ ಆ ಹೊತ್ತಿಗೆ ಒಬ್ಬ ಹೆಂಗಸನ್ನು, ದಿನವೂ ಅದೇ ಹೆಂಗಸನ್ನು, ಕೂರಿಸಲು ಹೊಸ ಕಟ್ಟಡ ಬೇಕಿಲ್ಲ. ಸಂಬಳ ಯಾರ ಲೆಕ್ಕದಿಂದ ಎಂಬುದಷ್ಟೇ ತೀರ್ಮಾನವಾಗಬೇಕು. ಮುಂದಿನ ಕೊಯ್ಲಿಗೆ ಮುಂಚೆ ಯಾವುದಾದರೂ ಒಂದು ಪಂಚಾಯತಿಯ ಸಭೆಯಲ್ಲಿ ಇದು ಅಜೆಂಡಾಕ್ಕೆ ಬರಲಿ.