ಕಡಲ ಬದಿಯ ಎಂಜಿನಿಯರಿಂಗ್ ಪಾಠಶಾಲೆ

ಸುರತ್ಕಲ್ಲಿನ ಎಂಜಿನಿಯರಿಂಗ್ ಸಂಸ್ಥೆ ಎನ್‌ಐಟಿಕೆಗೆ ಕಾಗದ ಬರೆಯುವವರು ವಿಳಾಸದಲ್ಲಿ ‘ಶ್ರೀನಿವಾಸನಗರ’ ಎಂದು ಸೇರಿಸುತ್ತಾರೆ. ಈ ಶ್ರೀನಿವಾಸ ದೇವರಲ್ಲ. ಸಂಸದರಾಗಿದ್ದ ಉಳ್ಳಾಲ ಶ್ರೀನಿವಾಸ ಮಲ್ಯ. ಪಣಂಬೂರಿನ ಬಂದರು, ಬಜ್ಪೆಯ ವಿಮಾನ ನಿಲ್ದಾಣ, ಕರಾವಳಿಯ ಹೆದ್ದಾರಿ, ಇವೆಲ್ಲಕ್ಕೂ ದೆಹಲಿಯಲ್ಲಿ ಓಡಾಡಿದವರು. ಬಂದರು ಕಟ್ಟುವ ಜಿಲ್ಲೆಗೆ ಎಂಜಿನಿಯರುಗಳೂ ಬೇಕಲ್ಲ! ಮಣಿಪಾಲದಲ್ಲಿ 1957ರಲ್ಲೇ ಖಾಸಗಿ ಕಾಲೇಜೊಂದು ಶುರುವಾಗಿತ್ತು. ಮಲ್ಯರು ತಂದದ್ದು ಸರ್ಕಾರದ ಕಾಲೇಜು.

ಎರಡನೇ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ ಕೇಂದ್ರ ಮತ್ತು ರಾಜ್ಯಗಳು ಜೊತೆಯಾಗಿ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜುಗಳನ್ನು ಕಟ್ಟಹೊರಟವು. ಅರ್ಧ ಸೀಟು ಆಯಾ ರಾಜ್ಯದವರಿಗೆ, ಉಳಿದರ್ಧ ಹೊರಗಿನವರಿಗೆ. ಹೀಗೆ 1960ರಲ್ಲಿ ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಎಂಬ ಮೂರು ವಿಭಾಗಗಳೊಂದಿಗೆ ಕರ್ನಾಟಕ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜು (ಕೆಆರ್‌ಇಸಿ) ಹುಟ್ಟಿತು. ರಾಜ್ಯದ ಹೆಸರಿನ್ನೂ ಮೈಸೂರು ಆಗಿದ್ದಾಗಲೇ ಈ ಕಾಲೇಜು ಕರ್ನಾಟಕ ಎಂದು ಕರೆಸಿಕೊಂಡಿತು ಅನ್ನುವುದು ನನಗೆ ಖುಷಿಯ ಸಂಗತಿ. ಮಲ್ಯರು 1965ರಲ್ಲಿ ತೀರಿಕೊಂಡರು. 2002ರಲ್ಲಿ ಕಾಲೇಜು ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ, ಅಂದರೆ ಎನ್‌ಐಟಿ ಆಯಿತು, ಪದವಿಯನ್ನು ತಾನೇ ಕೊಡತೊಡಗಿತು. ಹಳಬರ ಬಾಯಲ್ಲಿ ಮಾತ್ರ ಅದು ಈಗಲೂ ಕೆಆರ್‌ಇಸಿಯೇ.

ಮಂಗಳೂರಿನಿಂದ ಉತ್ತರಕ್ಕೆ ಸುಮಾರು 20 ಕಿಲೋಮೀಟರ್ ದೂರದಲ್ಲಿ, ಮುನ್ನೂರು ಎಕರೆಗೆ ಹತ್ತಿರದ ಆವರಣ. ರಾಷ್ಟ್ರೀಯ ಹೆದ್ದಾರಿ 66 ಅದನ್ನು ನಡುವೆಯೇ ಸೀಳಿಕೊಂಡು ಹೋಗುತ್ತದೆ. ಪಡುವಣಕ್ಕೆ ನಡೆದರೆ ಅರಬ್ಬಿ ಸಮುದ್ರ, ಪಕ್ಕದಲ್ಲೇ ದೀಪಸ್ತಂಭ, ಸ್ವಲ್ಪ ತೆಂಕಣಕ್ಕೆ ಕಡಲಿಗೆ ತಾಗಿಕೊಂಡ ಸದಾಶಿವ ದೇವಸ್ಥಾನ. ಓದುವ ಹುಡುಗರಿಗೆ ಕಡಲು ಸಂಜೆಯ ತಿರುಗಾಟದ ಜಾಗ ಮಾತ್ರವಲ್ಲ. ಅಲೆ ಹೇಗೆ ಬಡಿಯುತ್ತದೆ, ದಡ ಯಾಕೆ ಕೊರೆದುಹೋಗುತ್ತದೆ, ನೀರಲ್ಲಿ ನಿಲ್ಲುವ ಕಟ್ಟಡವನ್ನು ಹೇಗೆ ಲೆಕ್ಕ ಹಾಕಬೇಕು ಎಂದು ಕಲಿಸುವ ಜಲಸಂಪನ್ಮೂಲ ಮತ್ತು ಸಾಗರ ಎಂಜಿನಿಯರಿಂಗ್ ವಿಭಾಗ ಇಲ್ಲಿದೆ. ಇಂಥ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಜಾಗ ರಾಜ್ಯದಲ್ಲಿ ಸಿಗಲಿಕ್ಕಿಲ್ಲ.

ಬ್ಯಾಂಕರ್ ಕೆ.ವಿ. ಕಾಮತ್ ಮೆಕ್ಯಾನಿಕಲ್ ಓದಿದ್ದು ಇಲ್ಲೇ. ಆದರೆ ಎನ್‌ಐಟಿಕೆ ಎಂಬ ಹೆಸರು ಜಿಲ್ಲೆಯ ಲಾರಿ, ರಿಕ್ಷಾದವರ ಬಾಯಲ್ಲೆಲ್ಲ ಓಡಾಡಿದ್ದು ಬೇರೆಯೇ ಕಾರಣಕ್ಕೆ: ಅದರ ಹತ್ತಿರವಿದ್ದ ಟೋಲ್‌ಗೇಟ್. ವರ್ಷಗಟ್ಟಲೆ ಪ್ರತಿಭಟನೆ ನಡೆದು, 2022ರ ಡಿಸೆಂಬರಿನಲ್ಲಿ ಅಲ್ಲಿನ ವಸೂಲಿ ನಿಂತಿತು.