ದುಬೈಗೆ ಹೆಂಡತಿ ಮಕ್ಕಳನ್ನು ಕರೆಸಿಕೊಳ್ತೀರಾ? ಮೊದಲು ಮನೆ ಪೇಪರ್ ಯಾರ ಹೆಸರಲ್ಲಿದೆ ನೋಡಿ

ಉಡುಪಿ: ಗಂಡ ದುಬೈಯಲ್ಲಿ, ಹೆಂಡತಿ ಮಕ್ಕಳು ಊರಲ್ಲಿ. ಎರಡು ಮೂರು ವರ್ಷ ಹೀಗೇ ಕಳೆದ ಮೇಲೆ 'ಇನ್ನು ನೀವೂ ಬನ್ನಿ' ಅನ್ನೋ ಫೋನ್ ಬರುತ್ತದೆ. ಪಾಸ್‌ಪೋರ್ಟ್ ಆಯ್ತು, ಮದುವೆ ಸರ್ಟಿಫಿಕೇಟ್ ಆಯ್ತು, ಮಂಗಳೂರಿಂದ ಟಿಕೆಟ್ ರೇಟೂ ನೋಡಿಯಾಯ್ತು. ಎಲ್ಲ ನಿಲ್ಲುವುದು ಮನೆ ವಿಷಯಕ್ಕೆ ಬಂದಾಗ. ಊರಿನ ಬಾಡಿಗೆ ಲೆಕ್ಕವನ್ನೇ ಅಲ್ಲಿಗೂ ಹಾಕಿಕೊಂಡು ಹೋದವರಿಗೆ ಮೊದಲ ತಿಂಗಳಲ್ಲೇ ಕೈ ಖಾಲಿ.

ಇಲ್ಲಿ ಒಂದಿಷ್ಟು ಅಡ್ವಾನ್ಸ್ ಕೊಟ್ಟು ತಿಂಗಳು ತಿಂಗಳು ಬಾಡಿಗೆ ಕಟ್ಟಿದರೆ ಮುಗಿಯಿತು. ದುಬೈಯಲ್ಲಿ ಬಾಡಿಗೆ ಹೇಳುವುದೇ ವರ್ಷದ ಲೆಕ್ಕದಲ್ಲಿ. ವರ್ಷದ ಮೊತ್ತವನ್ನು ನಾಲ್ಕೋ ಆರೋ ಭಾಗ ಮಾಡಿ, ಮುಂದಿನ ತಾರೀಕು ಹಾಕಿದ ಚೆಕ್‌ಗಳನ್ನು ಮೊದಲ ದಿನವೇ ಮಾಲೀಕರ ಕೈಗೆ ಕೊಡಬೇಕು. ಚೆಕ್ ಕಡಿಮೆ ಆದಷ್ಟೂ ಬಾಡಿಗೆಯಲ್ಲಿ ಸ್ವಲ್ಪ ಬಿಡ್ತಾರೆ. 12 ಚೆಕ್‌ಗೆ ಒಪ್ಪುವವರು ಇದ್ದಾರೆ, ಆದರೆ ಹುಡುಕಬೇಕು. ಸಂಬಳ ತಿಂಗಳಿಗೊಮ್ಮೆ, ಬಾಡಿಗೆ ಮೂರು ತಿಂಗಳಿಗೊಮ್ಮೆ. ಕಷ್ಟ ಶುರುವಾಗುವುದೇ ಇಲ್ಲಿಂದ.

ಒಂದು ಲೆಕ್ಕ ನೋಡಿ. ವರ್ಷಕ್ಕೆ 60,000 ದಿರ್ಹಂ ಬಾಡಿಗೆಯ ಫ್ಲ್ಯಾಟ್, ನಾಲ್ಕು ಚೆಕ್ ಅಂತ ಇಟ್ಟುಕೊಳ್ಳಿ. ಮೊದಲ ಚೆಕ್ 15,000. ಫರ್ನಿಚರ್ ಇಲ್ಲದ ಮನೆಗೆ ಸಾಮಾನ್ಯವಾಗಿ ಶೇ. 5 ಡೆಪಾಸಿಟ್, ಅಂದರೆ 3,000. ಏಜೆಂಟರ ಕಮಿಷನ್ ಮತ್ತೊಂದು ಶೇ. 5, ಅದರ ಮೇಲೆ ವ್ಯಾಟ್ ಸೇರಿ 3,150. ಕರೆಂಟು ನೀರಿನ ಸಂಸ್ಥೆ ದೇವಾಗೆ ಫ್ಲ್ಯಾಟ್ ಆದರೆ 2,000 ಡೆಪಾಸಿಟ್. ಕನೆಕ್ಷನ್, ನೋಂದಣಿ ಫೀ ಅಂತ ಇನ್ನೊಂದು 350. ಒಟ್ಟು ಸುಮಾರು 23,500 ದಿರ್ಹಂ. ಒಂದು ದಿರ್ಹಂಗೆ 24 ರೂಪಾಯಿ ಹಿಡಿದರೂ ಐದೂವರೆ ಲಕ್ಷ ದಾಟಿತು. ಮನೆಯೊಳಗೆ ಇನ್ನೂ ಒಂದು ಚಾಪೆಯೂ ಬಂದಿಲ್ಲ! ಮೂರು ತಿಂಗಳಿಗೆ ಮತ್ತೆ 15,000 ಖಾತೆಯಲ್ಲಿರಬೇಕು. ಊರಿನ ಸೊಸೈಟಿಯಲ್ಲಿ ಚಿನ್ನ ಅಡ ಇಟ್ಟು ದುಬೈ ಮನೆಯ ಮೊದಲ ಚೆಕ್ ಕಟ್ಟುವ ಪರಿಸ್ಥಿತಿ ಬರುವುದು ಇದಕ್ಕೇ.

ಇನ್ನೊಂದು ಖರ್ಚು ಜಾಹೀರಾತಿನಲ್ಲಿ ಕಾಣುವುದಿಲ್ಲ. ವರ್ಷದ ಬಾಡಿಗೆಯ ಶೇ. 5ರಷ್ಟು ಹೌಸಿಂಗ್ ಫೀ ಪ್ರತಿ ತಿಂಗಳ ದೇವಾ ಬಿಲ್ ಒಳಗೇ ಸೇರಿ ಬರುತ್ತದೆ. ಮೇಲಿನ ಮನೆಗೆ ತಿಂಗಳಿಗೆ 250 ದಿರ್ಹಂ. ಹಾಗೇ 'ಚಿಲ್ಲರ್ ಫ್ರೀ' ಅಂತ ಬರೆದಿದೆಯಾ ನೋಡಿಕೊಳ್ಳಿ. ಹಾಗಂದರೆ ತಣ್ಣನೆ ಗಾಳಿಯ ಖರ್ಚು ಮಾಲೀಕರದ್ದು. ಇಲ್ಲದಿದ್ದರೆ ಅದಕ್ಕೆ ಬೇರೆ ಬಿಲ್, ಎಷ್ಟೋ ಕಟ್ಟಡಗಳಲ್ಲಿ ಬೇರೆ ಡೆಪಾಸಿಟ್ ಕೂಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 40 ಡಿಗ್ರಿ ದಾಟುವ ಊರದು, ಎಸಿ ಆಫ್ ಮಾಡಿ ಉಳಿಸ್ತೇವೆ ಅನ್ನೋ ಮಾತೇ ಇಲ್ಲ.

ಇಜಾರಿ ಇಲ್ಲದಿದ್ದರೆ ವೀಸಾ ಇಲ್ಲ

ದುಬೈಯಲ್ಲಿ ಬಾಡಿಗೆ ಕರಾರನ್ನು ಸರ್ಕಾರದ ಇಜಾರಿ ವ್ಯವಸ್ಥೆಯಲ್ಲಿ ನೋಂದಾಯಿಸಬೇಕು. ಅರಬಿಯಲ್ಲಿ ಇಜಾರಿ ಅಂದರೆ 'ನನ್ನ ಬಾಡಿಗೆ' ಅಂತಲೇ ಅರ್ಥ. ಕುಟುಂಬ ವೀಸಾಕ್ಕೆ ಕರೆಸಿಕೊಳ್ಳುವವರ ಸಂಬಳ 4,000 ದಿರ್ಹಂ, ಇಲ್ಲವೇ 3,000 ದಿರ್ಹಂ ಜತೆಗೆ ವಸತಿ ಇರಬೇಕು ಅನ್ನೋದು ಎಲ್ಲರಿಗೂ ಗೊತ್ತು. ಅದರ ಜತೆ ಅವರ ಹೆಸರಿನ ಇಜಾರಿಯೂ ಬೇಕು ಅನ್ನೋದನ್ನು ಮರೀತಾರೆ. ಕಂಪನಿಯೇ ಮನೆ ಕೊಟ್ಟಿದ್ದರೆ ಬೇರೆ ಮಾತು.

ಹಾಗಾಗಿ ಕ್ರಮ ಹೀಗೆ: ಮೊದಲು ಮನೆ, ಆಮೇಲೆ ಹೆಂಡತಿ ಮಕ್ಕಳ ವೀಸಾ. ಮನೆ ಬೇಕಾದರೆ ಚೆಕ್ ಬುಕ್ ಬೇಕು, ಚೆಕ್ ಬುಕ್ ಬೇಕಾದರೆ ಬ್ಯಾಂಕ್ ಖಾತೆ, ಖಾತೆಗೆ ಎಮಿರೇಟ್ಸ್ ಐಡಿ, ಅದಕ್ಕೆ ಕೆಲಸದ ವೀಸಾ. ಹೊಸ ಕೆಲಸಕ್ಕೆ ಹೋಗುವಾಗಲೇ ಇಡೀ ಕುಟುಂಬವನ್ನು ವಿಸಿಟ್ ವೀಸಾದಲ್ಲಿ ಕರೆದುಕೊಂಡು ಹೋದರೆ ಈ ಸರಪಳಿ ಮುಗಿಯುವವರೆಗೆ ದಿನಬಾಡಿಗೆ ರೂಮೇ ಗತಿ. ಮದುವೆ ಮತ್ತು ಜನನ ಪ್ರಮಾಣಪತ್ರಗಳಿಗೆ ವಿದೇಶಾಂಗ ಇಲಾಖೆ, ಯುಎಇ ರಾಯಭಾರ ಕಚೇರಿಯ ದೃಢೀಕರಣ ಮಾಡಿಸುವ ಕೆಲಸವನ್ನು ಮಾತ್ರ ಊರಲ್ಲೇ ಮೊದಲೇ ಮುಗಿಸಿಕೊಳ್ಳಬಹುದು.

'ಫ್ಯಾಮಿಲಿ ಶೇರಿಂಗ್' ಎಂಬ ಸುಲಭದ ದಾರಿ

ಇಷ್ಟು ಹಣ ಒಟ್ಟು ಮಾಡಲಾಗದವರು ಹಿಡಿಯುವುದು ಶೇರಿಂಗ್ ದಾರಿ. ಕರಾಮಾ, ದೇರಾ, ಅಲ್ ನಹ್ದಾ ಕಡೆ ಎರಡು ಬೆಡ್‌ರೂಮಿನ ಫ್ಲ್ಯಾಟ್‌ನಲ್ಲಿ ಒಂದು ರೂಮು ಒಂದು ಕುಟುಂಬಕ್ಕೆ, ಅಡುಗೆ ಮನೆ ಹಂಚಿಕೆ. ಕೊಡುವವರು ಹೆಚ್ಚಾಗಿ 'ನಮ್ಮೂರಿನವರೇ'. ತಿಂಗಳು ತಿಂಗಳು ನಗದು ಕೊಟ್ಟರೆ ಸಾಕು, ಚೆಕ್ ಇಲ್ಲ, ಕಮಿಷನ್ ಇಲ್ಲ.

ಆದರೆ ಆ ಫ್ಲ್ಯಾಟಿನ ಕರಾರು ಅವರ ಹೆಸರಲ್ಲಿ. ಮಾಲೀಕರ ಲಿಖಿತ ಒಪ್ಪಿಗೆ ಇಲ್ಲದೆ ಹೀಗೆ ಒಳಬಾಡಿಗೆ ಕೊಟ್ಟರೆ, ದುಬೈಯ ಬಾಡಿಗೆ ಕಾನೂನು ಪ್ರಕಾರ ಅವಧಿ ಮುಗಿಯುವ ಮೊದಲೇ ಬಾಡಿಗೆದಾರರನ್ನೂ ಒಳಬಾಡಿಗೆಯವರನ್ನೂ ಒಟ್ಟಿಗೆ ಖಾಲಿ ಮಾಡಿಸಬಹುದು. ಒಳಬಾಡಿಗೆಯವರಿಗೆ ಉಳಿಯುವುದು ಮನೆ ಕೊಟ್ಟವರಿಂದ ಪರಿಹಾರ ಕೇಳುವ ಹಕ್ಕು ಮಾತ್ರ. ನಮ್ಮೂರಿನವರ ಮೇಲೆ ಅಲ್ಲಿ ಕೇಸ್ ಹಾಕಿ ಇಲ್ಲಿ ಮುಖ ನೋಡೋದು ಹೇಗೆ, ಅಲ್ವಾ? ಹಾಲಿಗೆ ಪ್ಲೈವುಡ್ ಹೊಡೆದು ರೂಮು ಮಾಡುವ ಪಾರ್ಟಿಷನ್ ಇನ್ನೂ ಅಪಾಯ. ಬೆಂಕಿ ಬಿದ್ದರೆ ಹೊರಬರಲು ದಾರಿ ಇರುವುದಿಲ್ಲ. 2025ರ ಜೂನ್‌ನಲ್ಲಿ ದುಬೈ ಮುನ್ಸಿಪಾಲಿಟಿ ಅಲ್ ರಿಗ್ಗಾ, ಮುರಕ್ಕಬಾತ್, ಸತ್ವಾ, ಬರ್ಷಾ ಮುಂತಾದ ಕಡೆ ಇಂಥ ಪಾರ್ಟಿಷನ್‌ಗಳ ವಿರುದ್ಧ ಕಾರ್ಯಾಚರಣೆ ನಡೆಸಿತ್ತು.

ಶಾರ್ಜಾ ಇನ್ನೊಂದು ದಾರಿ. ಬಾಡಿಗೆ ಕಡಿಮೆ, ಮೊದಲ ಮೂರು ವರ್ಷ ಏರಿಸುವಂತಿಲ್ಲ ಎಂಬ ನಿಯಮ 2024ರ ಕಾನೂನಿನಲ್ಲಿ ಬಂದಿದೆ. ಅಲ್ಲಿ ಇಜಾರಿ ಇಲ್ಲ, ಮುನ್ಸಿಪಾಲಿಟಿಯಲ್ಲಿ ಕರಾರು ದೃಢೀಕರಿಸಬೇಕು. ಬಾಡಿಗೆಯಲ್ಲಿ ಉಳಿದದ್ದನ್ನು ಅಲ್ ಇತ್ತಿಹಾದ್ ರಸ್ತೆಯ ಟ್ರಾಫಿಕ್ಕಿನಲ್ಲಿ ಸಮಯವಾಗಿ ಕೊಡಬೇಕಾಗುತ್ತದೆ, ಬೆಳಿಗ್ಗೆಯೂ ಸಂಜೆಯೂ.

ಚೆಕ್ ಬರೆಯುವ ಮೊದಲು

ಫೋಟೋ ಚಂದ, ಬಾಡಿಗೆ ಅಕ್ಕಪಕ್ಕಕ್ಕಿಂತ ತೀರಾ ಕಡಿಮೆ, 'ಇವತ್ತೇ ಬುಕಿಂಗ್ ಹಣ ಹಾಕಿ' ಅಂತ ಒತ್ತಾಯ. ಈ ಮೂರೂ ಒಟ್ಟಿಗೆ ಇದ್ದರೆ ಬಿಟ್ಟುಬಿಡಿ. ಊರಲ್ಲಿ ಕೂತು ವಾಟ್ಸಾಪ್‌ನಲ್ಲಿ ಮನೆ ನೋಡಿ ಹಣ ಹಾಕೋದಂತೂ ಬೇಡವೇ ಬೇಡ. ಏಜೆಂಟರಿಗೆ ರೇರಾ ನೋಂದಣಿ ಸಂಖ್ಯೆ ಇರುತ್ತದೆ, ಜಾಹೀರಾತಿಗೂ ಪರವಾನಗಿಯ ಕ್ಯೂಆರ್ ಕೋಡ್ ಇರುತ್ತದೆ. ದುಬೈ ರೆಸ್ಟ್ ಆ್ಯಪ್‌ನಲ್ಲಿ ನೋಡಬಹುದು. ಮನೆಯ ಹಕ್ಕುಪತ್ರದಲ್ಲಿರುವ ಹೆಸರು ಕೇಳಿ, ಚೆಕ್ ಆ ಹೆಸರಿಗೇ ಬರೆಯಿರಿ, ಏಜೆಂಟರ ಹೆಸರಿಗೆ ಅಲ್ಲ.

ಇಜಾರಿ ನಿಮ್ಮ ಹೆಸರಲ್ಲಿದ್ದರೆ ಕಾನೂನಿನ ಬಲವೂ ಇದೆ. ಬಾಡಿಗೆ ಏರಿಸಬೇಕಾದರೆ ಮಾಲೀಕರು ಕರಾರು ಮುಗಿಯುವ 90 ದಿನ ಮೊದಲು ತಿಳಿಸಬೇಕು. ಎಷ್ಟು ಏರಿಸಬಹುದು ಅನ್ನೋದಕ್ಕೂ ಸೂಚ್ಯಂಕ ಇದೆ. ನಿಮ್ಮ ಬಾಡಿಗೆ ಮಾರುಕಟ್ಟೆ ಸರಾಸರಿಗಿಂತ ಶೇ. 10ರ ಒಳಗೇ ಕಡಿಮೆ ಇದ್ದರೆ ಒಂದು ದಿರ್ಹಂ ಕೂಡ ಏರಿಸುವಂತಿಲ್ಲ. ತೀರಾ ಕಡಿಮೆ ಇದ್ದರೂ ಗರಿಷ್ಠ ಶೇ. 20. ಮನೆ ಮಾರಬೇಕು, ಸ್ವಂತಕ್ಕೆ ಬೇಕು ಅಂದರೆ ನೋಟರಿ ಅಥವಾ ರಿಜಿಸ್ಟರ್ಡ್ ಪೋಸ್ಟ್ ಮೂಲಕ 12 ತಿಂಗಳ ನೋಟಿಸ್ ಕೊಡಬೇಕು. ವಾಟ್ಸಾಪ್ ಮೆಸೇಜ್ ನೋಡಿ ಗಂಟುಮೂಟೆ ಕಟ್ಟಬೇಕಾಗಿಲ್ಲ. ಜಗಳ ಬಗೆಹರಿಯದಿದ್ದರೆ ಬಾಡಿಗೆ ವಿವಾದ ಕೇಂದ್ರ ಇದೆ, ಅಲ್ಲಿನ ಶುಲ್ಕ ವರ್ಷದ ಬಾಡಿಗೆಯ ಶೇ. 3.5.

ಕೆಲಸ ಹೋದರೆ ಏನು ಅನ್ನೋದನ್ನೂ ಮೊದಲೇ ಕೇಳಿಕೊಳ್ಳಬೇಕು. ಉಳಿದ ಚೆಕ್‌ಗಳು ಮಾಲೀಕರ ಬಳಿ ಇರುತ್ತವೆ. 2022ರಿಂದ ಖಾತೆಯಲ್ಲಿ ಹಣ ಇಲ್ಲದೆ ಚೆಕ್ ಬೌನ್ಸ್ ಆದ ಮಾತ್ರಕ್ಕೆ ಸಾಮಾನ್ಯವಾಗಿ ಜೈಲು ಇಲ್ಲ ನಿಜ, ಆದರೆ ಆ ಚೆಕ್ ಹಿಡಿದು ನೇರ ವಸೂಲಿಗೆ ಕೋರ್ಟಿಗೆ ಹೋಗಬಹುದು. ಪ್ರಯಾಣ ನಿರ್ಬಂಧದವರೆಗೂ ಹೋಗಬಹುದು. ಮಧ್ಯದಲ್ಲಿ ಬಿಟ್ಟರೆ ಒಂದೋ ಎರಡೋ ತಿಂಗಳ ಬಾಡಿಗೆ ದಂಡ ಕೊಟ್ಟು ಹೊರಬರುವ ಷರತ್ತನ್ನು ಹಲವು ಮಾಲೀಕರು ಒಪ್ಪುತ್ತಾರೆ. ಅದು ಬಾಯಿಮಾತಿನಲ್ಲಿ ಅಲ್ಲ, ಇಜಾರಿ ಕರಾರಿನಲ್ಲಿ ಹೆಚ್ಚುವರಿ ಷರತ್ತಿಗೆ ಬಿಟ್ಟ ಜಾಗದಲ್ಲಿ, ಸಹಿ ಹಾಕುವ ದಿನವೇ ಬರೆಸಿಕೊಳ್ಳಬೇಕು.